1836ರ ಕಬ್ಬಿಣದ ಹಳ್ಳಿಯಲ್ಲಿ ಕೆಲಸಗಾರರ ಸಂಸಾರ: ಬಟ್ಟೆ, ಒಲೆ, ಅಚ್ಚು, ಅಂಗಡಿಗೆ ಏನೇನು ತಯಾರಿ ಬೇಕು?

ಜರ್ಸಿಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ಅಲೈರ್ ಹಳ್ಳಿಯಲ್ಲಿ, ಅಂದರೆ ಹಿಂದಿನ ಹೋವೆಲ್ ವರ್ಕ್ಸ್ ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ, ನಾನೂ ನಮ್ಮ ಯಜಮಾನರೂ ಈ ಬೇಸಿಗೆಯಿಂದ ಸ್ವಯಂಸೇವಕರಾಗಿ ನಿಲ್ಲಲಿದ್ದೇವೆ. ತೋರಿಸಬೇಕಾದ ಕಾಲ 1836. ಸೈನಿಕರ ವೇಷವಲ್ಲ, ಕಾರ್ಖಾನೆಯಲ್ಲಿ ದುಡಿಯುವ ಸಾಧಾರಣ ಸಂಸಾರ.

ನನ್ನ ಪ್ರಶ್ನೆಗಳು ಇವು. ಬೆಂಗಳೂರಿನಿಂದ ಬರುವವರ ಕೈಲಿ ಬಟ್ಟೆ ತರಿಸಬಹುದು. ಯಾವ ಬಟ್ಟೆ, ಎಷ್ಟು ಮೀಟರ್? ಯಜಮಾನರಿಗೆ ಎರಕದ ಕೆಲಸ ತೋರಿಸುವ ಆಸೆ, ಆದರೆ ಅಲ್ಲಿ ಕುಲುಮೆ ಉರಿಯುತ್ತಿಲ್ಲ, ಏನು ತೋರಿಸಬಹುದು? ನನಗೆ ಒಲೆ ಅಥವಾ ಅಂಗಡಿ ಸಿಗಬಹುದು. ನಾವು ಸಸ್ಯಾಹಾರಿಗಳು, ಆ ಕಾಲದ ಅಡುಗೆಯಲ್ಲಿ ಹಂದಿಯ ಕೊಬ್ಬು ಎಲ್ಲದಕ್ಕೂ ಬೀಳುತ್ತಿತ್ತಲ್ಲ? ಕೊನೆಯದು: ನಮ್ಮ ಮುಖ ನೋಡಿ "ನೀವು ಆಗ ಇಲ್ಲಿ ಇದ್ದಿರಾ?" ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಸೂಜಿದಾರ

ಮೇಡಂ, ಬಟ್ಟೆಯ ಲೆಕ್ಕ ನಾನು ಹೇಳುತ್ತೇನೆ, ಉಳಿದದ್ದಕ್ಕೆ ಬೇರೆಯವರು ಬರಲಿ.

ಮೊದಲು ಗೌನ್ ಹೊಲಿದು ಆಮೇಲೆ ಒಳಉಡುಪು ನೋಡಿಕೊಳ್ಳೋಣ ಅಂದುಕೊಳ್ಳಬೇಡಿ. ಅಳತೆ ತೆಗೆಯಬೇಕಾದದ್ದು ಒಳಗಿನದನ್ನೆಲ್ಲ ಹಾಕಿಕೊಂಡ ಮೇಲೆ. ಎಲ್ಲಕ್ಕಿಂತ ಒಳಗೆ ಶೆಮೀಸ್: ಮೊಣಕಾಲಿನ ಕೆಳಗೆ ಬರುವ ಬಿಳಿ ಹತ್ತಿ ಅಂಗಿ, 36 ಇಂಚು ಪನ್ನದ ಬಟ್ಟೆ ಸುಮಾರು 3 ಮೀಟರ್. ಕಂಕುಳಲ್ಲಿ 4–5 ಇಂಚಿನ ಚೌಕ ತುಂಡು ಕೂಡಿಸಲೇಬೇಕು, ಇಲ್ಲದಿದ್ದರೆ ಕೈ ಎತ್ತಿದ ಮೊದಲ ದಿನವೇ ಅಲ್ಲಿ ಹರಿಯುತ್ತದೆ. ಅದರ ಮೇಲೆ ಸ್ಟೇಸ್, ಅಂದರೆ ಎದೆ-ಸೊಂಟಕ್ಕೆ ಆಸರೆ ಕೊಡುವ ಗಟ್ಟಿ ಒಳಕುಪ್ಪಸ. ಈ ಕಾಲದ್ದು ಹತ್ತಿ ದಾರವನ್ನು ಹುದುಗಿಸಿ ಹೊಲಿದು ಗಟ್ಟಿ ಮಾಡಿದ್ದು, ಎದೆಯ ನಡುವೆ ಮರದ ಪಟ್ಟಿ, ಭುಜಕ್ಕೆ ಪಟ್ಟಿ, ಬೆನ್ನಲ್ಲಿ ಒಂದೇ ಲಾಡಿ ಸುತ್ತಿಕೊಂಡು ಹೋಗುತ್ತದೆ. ಅಂತರ್ಜಾಲದಲ್ಲಿ "ವಿಕ್ಟೋರಿಯನ್" ಹೆಸರಲ್ಲಿ ಸಿಗುವ, ಮುಂದೆ ಉಕ್ಕಿನ ಕೊಕ್ಕೆಯ ಕಾರ್ಸೆಟ್ ತರಿಸಬೇಡಿ. ಅದು ವಾಡಿಕೆಗೆ ಬಂದದ್ದು 1850ರ ಆಸುಪಾಸು, ಸೊಂಟದ ಆಕಾರವೇ ಬೇರೆ ಆಗಿಬಿಡುತ್ತದೆ. ಒಳಲಂಗ ಎರಡಾದರೂ ಬೇಕು. ಒಂದರ ಅಂಚಿನಲ್ಲಿ ಸಾಲುಸಾಲಾಗಿ ಹುರಿ ಕೂಡಿಸಿ ಹೊಲಿದರೆ ಮೇಲಿನ ಲಂಗ ಕಾಲಿಗೆ ಸುತ್ತಿಕೊಳ್ಳದೆ ನಿಲ್ಲುತ್ತದೆ.

ಗೌನಿಗೆ 44 ಇಂಚು ಪನ್ನದ್ದು 6 ಮೀಟರ್, ಎತ್ತರ ಇದ್ದರೆ ಆರೂವರೆ. ಲಂಗದ ಸುತ್ತಳತೆ 100ರಿಂದ 120 ಇಂಚು, ಉದ್ದ ಹಿಮ್ಮಡಿಯ ಗಂಟಿನವರೆಗೆ. ಕುಪ್ಪಸಕ್ಕೆ ಕೋರಾ ಬಟ್ಟೆಯ ಲೈನಿಂಗ್, ಬೆನ್ನಲ್ಲಿ ಹಿತ್ತಾಳೆಯ ಹುಕ್ಕು-ಕಣ್ಣು. ತೋಳು ಕೂಡುವಲ್ಲಿ, ಸೊಂಟದ ಹೊಲಿಗೆಯಲ್ಲಿ ಸಣ್ಣ ಪೈಪಿಂಗ್ ಇರಲಿ. ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. 1830ರ ದಶಕದ ದೊಡ್ಡ ಉಬ್ಬು ತೋಳು 1836ರಲ್ಲೇ ಇಳಿಯಲು ಶುರುವಾಯಿತು. ಉಬ್ಬು ಭುಜದಿಂದ ಜಾರಿ ಮೊಣಕೈ ಕಡೆಗೆ ಬಂದಿತು. ಕೆಲಸದ ಗೌನಿಗೆ ಮಧ್ಯಮ ಉಬ್ಬು ಸಾಕು, ಒಲೆ ಮುಂದೆ ದೊಡ್ಡ ತೋಳು ಅಪಾಯವೇ. ಮೇಲೆ ಏಪ್ರನ್, ಕತ್ತಿಗೆ ಮಲ್‌ಮಲ್ ಚೌಕ, ತಲೆಗೆ ಬಿಳಿ ಟೋಪಿ, ಹೊರಗೆ ಹೋದರೆ ಬಾನೆಟ್ (ಮುಖಕ್ಕೆ ನೆರಳು ಕೊಡುವ, ಗದ್ದಕ್ಕೆ ಕಟ್ಟುವ ಟೋಪಿ). ಜೇಬು ಗೌನಿಗೆ ಹೊಲಿಯುವುದಲ್ಲ, ಸೊಂಟಕ್ಕೆ ಲಾಡಿಯಿಂದ ಕಟ್ಟಿಕೊಳ್ಳುವ ಚೀಲ. ಮೊಬೈಲ್ ಅದರಲ್ಲೇ ಅಡಗುತ್ತದೆ.

ಯಜಮಾನರ ಅಂಗಿ ಪೂರಾ ಚೌಕ ಮತ್ತು ಆಯತದ ತುಂಡುಗಳಿಂದ, 36 ಇಂಚಿನದ್ದು 3 ಮೀಟರ್. ಮುಂದೆ ಎದೆಯವರೆಗೆ ಮಾತ್ರ ಸೀಳು, ತಲೆಯ ಮೇಲಿಂದ ಹಾಕಿಕೊಳ್ಳುವುದು. ಪ್ಯಾಂಟು ಎತ್ತರದ ಸೊಂಟದ್ದು, ಮುಂದೆ ಗುಂಡಿ ಹಾಕಿದ ಅಗಲ ಪಟ್ಟಿ ಕೆಳಗೆ ಬೀಳುವ ಥರ. ಜಿಪ್ ಇಲ್ಲ, ಬೆಲ್ಟ್ ಇಲ್ಲ, ಭುಜದ ಮೇಲಿಂದ ಪ್ಯಾಂಟು ಹಿಡಿಯುವ ಪಟ್ಟಿ (ಬ್ರೇಸಸ್). ಅಂಗಿಯನ್ನು ಆಗ ಒಳಉಡುಪಿನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಹಾಗಾಗಿ ಬೆವರು ಹರಿಯುವ ಕೆಲಸ ಮಾಡುತ್ತಿದ್ದಾಗ ಬಿಟ್ಟರೆ ವೇಸ್ಟ್‌ಕೋಟ್ ಇಲ್ಲದೆ ಓಡಾಡಿದರೆ ಅರೆಬರೆ ಉಟ್ಟಂತೆ ಕಾಣುತ್ತದೆ.

ಹೊಲಿಗೆ ಯಂತ್ರಕ್ಕೆ ಎಲಿಯಾಸ್ ಹೋವ್ ಪೇಟೆಂಟ್ ಪಡೆದದ್ದು 1846ರಲ್ಲಿ. ಕಣ್ಣಿಗೆ ಬೀಳುವ ಹೊಲಿಗೆ ಕೈಯಲ್ಲೇ ಆಗಲಿ, ಇಂಚಿಗೆ 8–10 ಹೊಲಿಗೆ. ಒಳಗಿನ ಉದ್ದ ಹೊಲಿಗೆ ಯಂತ್ರದಲ್ಲಿ ಹಾಕಬಹುದೇ ಅಂತ ನಿಮ್ಮ ಉಡುಪಿನ ಮೇಲ್ವಿಚಾರಕರನ್ನು ಕೇಳಿಕೊಳ್ಳಿ. ಸೇಫ್ಟಿ ಪಿನ್ 1849ರದ್ದು, ಅದೂ ಬೇಡ; ಗುಂಡುಸೂಜಿ ಸರಿ. ಬಣ್ಣದಲ್ಲಿ ಢಾಳು ನೇರಳೆ, ರಾಣಿ ಗುಲಾಬಿ ಬಿಡಿ, ರಾಸಾಯನಿಕ ಬಣ್ಣ ಶುರುವಾದದ್ದೇ 1856ರಲ್ಲಿ. ನೀಲಿ, ಮಂಜಿಷ್ಠದ ಕೆಂಪು-ಕಂದು, ಕ್ರೋಮ್ ಹಳದಿ, ಎಲ್ಲ ಧಾರಾಳವಾಗಿ ನಡೆಯುತ್ತದೆ.

ಧಾರವಾಡಪೇಢೆ

ಅಕ್ಕಾರ, ಬೆಂಗಳೂರಿನ ಅಂಗಡಿ ಯಾಕ್ರಿ, ನಮ್ಮ ಹುಬ್ಬಳ್ಳಿ ಕಡೆ ಖಾದಿ ತರಿಸ್ರಿ. ಕೈಲೆ ನೂತದ್ದು, ಕೈಲೆ ನೇಯ್ದದ್ದು, ಹಳೇ ಕಾಲದ್ದಂಗ ಕಾಣ್ತೈತಿ. ಜೋಡಿಗೆ ಒಂದು ಚರಕಾ ಇಟ್ಕೊಂಡು ಕುಂತ್ರಂದ್ರ ಮಂದಿ ನಿಂತು ನೋಡ್ತಾರ.

ಸೂಜಿದಾರ

ಪೇಢೆ ಸರ್, ಖಾದಿ ಚೆಂದವೇ. ಆದರೆ ಈ ಊರಿಗೆ ಒಗ್ಗುವುದಿಲ್ಲ. ಇದು ರೈತರ ಹಳ್ಳಿಯಲ್ಲ. ಇಲ್ಲಿನ ಎರಕದವನ ಹೆಂಡತಿ ನೂಲಲಿಲ್ಲ, ಕಂಪನಿ ಅಂಗಡಿಗೆ ಹೋಗಿ ಗಜದ ಲೆಕ್ಕದಲ್ಲಿ ಮಿಲ್ ಬಟ್ಟೆ ಕೊಂಡಳು. 1836ಕ್ಕೆ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ಯಂತ್ರಮಗ್ಗಗಳು ಬಂದು ಹತ್ತು ವರ್ಷ ದಾಟಿತ್ತು. ಆ ಬಟ್ಟೆ ಸಮನಾದ ನೂಲಿನದ್ದು, ಗಂಟುಗಂಟಲ್ಲ. ಖಾದಿಯ ಒರಟು ನೋಡಿ ನೋಡುಗರು "ಪಾಪ, ಎಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು" ಎಂದು ತಪ್ಪು ಕಲಿತು ಹೋಗುತ್ತಾರೆ. ಚರಕ ಇಟ್ಟರಂತೂ ಕಾರ್ಖಾನೆಯ ಊರಿನ ಕಥೆಯೇ ಅಡಿಮೇಲು.

ತರಿಸಬೇಕಾದದ್ದು: ಶೆಮೀಸ್, ಅಂಗಿ, ಲೈನಿಂಗಿಗೆ ಒತ್ತಾಗಿ ನೇಯ್ದ ಕೋರಾ ಮತ್ತು ಬಿಳಿ ಮಾಂಜರಪಾಟು, ಟೋಪಿ, ಕತ್ತಿನ ಚೌಕಕ್ಕೆ ಮಲ್‌ಮಲ್, ಕೆಲಸಗಾರರ ಕತ್ತಿನ ರುಮಾಲಿಗೆ ಮದ್ರಾಸ್ ಚೌಕಳಿ. ಗೌನಿಗೆ ಸಣ್ಣ ಹೂಚುಕ್ಕೆ ಅಥವಾ ಗೀಟಿನ ಹತ್ತಿ ಮುದ್ರಣ. ರಾಜಸ್ಥಾನದ ಅಚ್ಚಿನ ಬಟ್ಟೆಯಲ್ಲಿ ದೊಡ್ಡ ಬಳ್ಳಿ, ಅಂಚುಪಟ್ಟಿ ಇರುವುದನ್ನು ಬಿಡಿ. ಆಗ ಅಮೆರಿಕದ ಮಿಲ್‌ಗಳು ಕೆತ್ತಿದ ತಾಮ್ರದ ರೋಲರಿನಿಂದ ಮುದ್ರಿಸುತ್ತಿದ್ದವು, ಗೆರೆಗಳು ಕೂದಲಿನಷ್ಟು ಸಣ್ಣ.

ಬ್ಲೌಸ್ ಪೀಸಿನ "ಟೂ ಬೈ ಟೂ" ನಂಬಬೇಡಿ, ಅನೇಕ ಸಲ ಪಾಲಿಯೆಸ್ಟರ್ ಬೆರಕೆ. ಒಂದು ಎಳೆ ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಉದುರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದೇ ಮಣಿ ಕೆಂಡದ ಮುಂದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದಾರವೂ ಹತ್ತಿಯದ್ದೇ ಬೇಕು ಎಂದು ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಅಂಗಡಿಯವರು ಪಾಲಿಯೆಸ್ಟರ್ ಕೊಡುತ್ತಾರೆ. ಕತ್ತರಿಸುವ ಮುಂಚೆ ಕೋರಾ ಬಟ್ಟೆಯನ್ನು ಬಿಸಿನೀರಲ್ಲಿ ರಾತ್ರಿ ನೆನೆಸಿ ಒಣಗಿಸಿ, ಮೀಟರಿಗೆ ಐದಾರು ಸೆಂಟಿಮೀಟರ್ ಕುಗ್ಗುವುದು ಮಾಮೂಲು.

ಕುಲುಮೆಮನೆ

ಎರಕದ ವಿಷಯ. ಅಲ್ಲಿ ಊದುಕುಲುಮೆಯ ಗೋಪುರ ಮಾತ್ರ ಉಳಿದಿದೆ, ಅದು ಇನ್ನು ಉರಿಯುವುದಿಲ್ಲ. ತೋರಿಸಬಹುದಾದದ್ದು ಮರಳಚ್ಚು. ಆದರೆ ಅದಕ್ಕೂ ಮುಂಚೆ ಕಬ್ಬಿಣ ಎಲ್ಲಿಂದ ಬಂತು ಎಂದು ಎರಡು ಮಾತಿನಲ್ಲಿ ಹೇಳಲು ಬರಬೇಕು.

ಜೇಮ್ಸ್ ಅಲೈರ್ ನ್ಯೂಯಾರ್ಕಿನಲ್ಲಿ ಹಬೆ ಯಂತ್ರ ಕಟ್ಟುತ್ತಿದ್ದವನು. ಅದಕ್ಕೆ ಬೇಕಾದ ಕಬ್ಬಿಣಕ್ಕೆಂದು 1822ರಲ್ಲಿ ಈ ಜಾಗ ಕೊಂಡ. ಇಲ್ಲಿಯದು ಗಣಿಯ ಅದಿರಲ್ಲ, ಜೌಗಿನ ಅದಿರು. ಮರಳುನೆಲದಲ್ಲಿ ಕಬ್ಬಿಣ ಕರಗಿಸಿಕೊಂಡು ಬರುವ ನೀರು ಗಾಳಿಗೆ ತಾಗಿದಾಗ, ಸೂಕ್ಷ್ಮಜೀವಿಗಳ ಕೈವಾಡವೂ ಸೇರಿ, ತುಕ್ಕಿನಂಥ ಪದರ ಕೂರುತ್ತದೆ. ಅದನ್ನು ಸಲಿಕೆಯಲ್ಲಿ ಎತ್ತುತ್ತಿದ್ದರು. ಈ ಅದಿರಲ್ಲಿ ರಂಜಕ ಹೆಚ್ಚು. ಅದರಿಂದ ಕರಗಿದ ಕಬ್ಬಿಣ ನೀರಿನಂತೆ ಹರಿದು ತೆಳುಗೋಡೆಯ ಪಾತ್ರೆ, ಒಲೆ ತಗಡು ಚೆನ್ನಾಗಿ ಬರುತ್ತವೆ. ಅದರಿಂದಲೇ ತಣ್ಣಗಾದ ಮೇಲೆ ಪೆಟ್ಟು ಬಿದ್ದರೆ ಒಡೆಯುತ್ತದೆ. ನೋಡುಗರು "ಇದೇಕೆ ಬಿರುಕು ಬಿಟ್ಟಿದೆ" ಎಂದು ಪಾತ್ರೆ ತೋರಿಸಿದರೆ ಉತ್ತರ ಇದು.

ಅದಿರಿನ ಕಲ್ಮಶ ಬೇರ್ಪಡಿಸಲು ಕುಲುಮೆಗೆ ಸುಣ್ಣಕಲ್ಲು ಬೇಕು; ಅದು ದೂರವಿದ್ದ ಈ ಕರಾವಳಿಯ ಕುಲುಮೆಗಳು ಅದರ ಬದಲು ಚಿಪ್ಪು ಹಾಕುತ್ತಿದ್ದವು. ಉರುವಲು ಇದ್ದಿಲು. ಗಾಳಿ ನೀರಿನ ಚಕ್ರದಿಂದ, ಕಾಯಿಸದ ತಣ್ಣನೆ ಗಾಳಿ. ಇದ್ದಿಲು ಗುಡ್ಡೆ ಸಾಮಾನ್ಯವಾಗಿ 30–40 ಅಡಿ ಅಗಲದ ಕಣದಲ್ಲಿ, 4 ಅಡಿ ಉದ್ದದ ಕಟ್ಟಿಗೆ ನಿಲ್ಲಿಸಿ ಎಲೆ-ಮಣ್ಣು ಮುಚ್ಚಿ, ಹತ್ತರಿಂದ ಹದಿನಾಲ್ಕು ದಿನ ಬೇಯಿಸುತ್ತಿದ್ದರು. ಕುಸಿದ ಕಡೆ ಮಣ್ಣು ಮುಚ್ಚದಿದ್ದರೆ ಗಾಳಿ ನುಗ್ಗಿ ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಬೂದಿ. ನಮ್ಮವರಿಗೆ ಹೇಳುವುದಾದರೆ ಭದ್ರಾವತಿ ಕಾರ್ಖಾನೆಯೂ 1923ರಲ್ಲಿ ಇದ್ದಿಲಿನ ಕುಲುಮೆಯಿಂದಲೇ ಶುರುವಾದದ್ದು. ಅಲ್ಲಿ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ (ರಿಟಾರ್ಟ್) ಬೇಯಿಸಿ ಅದರ ಹೊಗೆಯಿಂದ ರಾಸಾಯನಿಕಗಳನ್ನೂ ಹಿಡಿದರು, ಇಲ್ಲಿ ಹೊಗೆಯೆಲ್ಲ ಆಕಾಶಕ್ಕೆ. ಹೋವೆಲ್ ಕುಲುಮೆ ಆರಿದ್ದಕ್ಕೆ ದೊಡ್ಡ ಕಾರಣ ಪೆನ್ಸಿಲ್ವೇನಿಯಾ. 1840ರಲ್ಲಿ ಕ್ಯಾಟಸಾಕ್ವಾದಲ್ಲಿ ಡೇವಿಡ್ ಥಾಮಸ್ ಬಿಸಿಗಾಳಿ ಮತ್ತು ಆಂಥ್ರಸೈಟ್ ಕಲ್ಲಿದ್ದಲಿನಿಂದ ಕುಲುಮೆ ನಡೆಸಿ ತೋರಿಸಿದ ಮೇಲೆ ಜೌಗಿನ ಅದಿರು, ಇದ್ದಿಲು ಎರಡೂ ದುಬಾರಿ ಆದವು.

ಈಗ ಅಚ್ಚು. ಲೋಹ ಸೀಸವಿಲ್ಲದ ಪ್ಯೂಟರ್ (ತವರವೇ ಹೆಚ್ಚಿರುವ ಮಿಶ್ರಲೋಹ) ಆಗಲಿ, 240–250 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಬ್ಬಿಣಕ್ಕೆ 1150 ದಾಟಬೇಕು, ಅದು ಜನರ ನಡುವೆ ಆಡುವ ಆಟವಲ್ಲ. ಮರಳಿಗೆ ಹತ್ತರಲ್ಲಿ ಒಂದು ಪಾಲು ಜೇಡಿ, ನೀರು ನೂರಕ್ಕೆ ಐದಾರು. ಮುಷ್ಟಿಯಲ್ಲಿ ಹಿಸುಕಿದಾಗ ಬೆರಳಚ್ಚು ನಿಲ್ಲಬೇಕು, ಮುರಿದರೆ ಅಂಚು ಚೂಪಾಗಿ ಮುರಿಯಬೇಕು, ಕೈ ಒದ್ದೆಯಾಗಬಾರದು. ಅಚ್ಚಿಗೆ ಕೆಳಗೊಂದು ಮೇಲೊಂದು ಚೌಕಟ್ಟು. ಕೆಳಚೌಕಟ್ಟನ್ನು ತಲೆಕೆಳಗಾಗಿ ಹಲಗೆಯ ಮೇಲಿಟ್ಟು, ಎರಕ ಹೊಯ್ಯಬೇಕಾದ ವಸ್ತುವಿನ ಮಾದರಿ ಇಡಿ, ಜರಡಿ ಹಿಡಿದ ಮರಳು ಮೊದಲು, ಆಮೇಲೆ ಸಾಧಾರಣ ಮರಳು. ಅಂಚಿನಿಂದ ಒಳಗೆ ಕುಟ್ಟುತ್ತಾ ಬನ್ನಿ. ತಿರುಗಿಸಿ, ಬೇರ್ಪಡುವ ಪುಡಿ ಉದುರಿಸಿ (ಆಗ ಇದ್ದಿಲ ಪುಡಿ, ಈಗ ಸಿಲಿಕಾ ಇಲ್ಲದ್ದು ಕೊಳ್ಳಿ), ಮೇಲ್ಚೌಕಟ್ಟು ಕೂರಿಸಿ, ಲೋಹ ಹೊಯ್ಯುವ ಬಾಯಿಗೆ ಮರದ ಗೂಟ ನಿಲ್ಲಿಸಿ ಮತ್ತೆ ಕುಟ್ಟಿ. ತಂತಿಯಿಂದ ಗಾಳಿತೂತು, ಮಾದರಿಗೆ ಅರ್ಧ ಇಂಚು ಇರುವಾಗಲೇ ನಿಲ್ಲಿಸಬೇಕು. ಬಿಚ್ಚಿ, ಮಾದರಿಯ ಸುತ್ತ ಕುಂಚದಿಂದ ತುಸುವೇ ತೇವ ಮಾಡಿ, ತಟ್ಟಿ ಸಡಿಲಿಸಿ, ನೇರ ಮೇಲಕ್ಕೆ ಎತ್ತಿ. ಕಾಲುವೆ ಕೊರೆದು, ಉದುರು ಮರಳು ಊದಿ, ಮುಚ್ಚಿ, ಮೇಲೆ ಭಾರ ಇಡಿ.

ಕೆಡುವುದು ಹೀಗೆ: ಮರಳು ಒದ್ದೆಯಾದರೆ ಹಬೆ ಲೋಹದೊಳಗೆ ಗುಳ್ಳೆ ಬಿಡುತ್ತದೆ, ಜಾಸ್ತಿಯಾದರೆ ಬಾಯಿಂದಲೇ ಚಿಮ್ಮುತ್ತದೆ. ಅತಿಯಾಗಿ ಕುಟ್ಟಿದರೆ ಗಾಳಿ ಹೋಗಲು ದಾರಿಯಿಲ್ಲ, ಫಲ ಅದೇ. ಸಡಿಲ ಬಿಟ್ಟರೆ ಲೋಹ ಮರಳನ್ನು ಕೊಚ್ಚಿಕೊಂಡು ಹೋಗಿ ಎರಕ ಊದಿಕೊಳ್ಳುತ್ತದೆ. ಹೆದರಿ ಸ್ವಲ್ಪ ಸ್ವಲ್ಪವೇ ಹೊಯ್ದರೆ ಎರಡು ಹರಿವು ಕೂಡದೆ ನಡುವೆ ಗೀಟು ನಿಲ್ಲುತ್ತದೆ. ಬಾಯಿ ತುಂಬಿರುವಂತೆ ಒಂದೇ ಸಮ ಹೊಯ್ಯಬೇಕು. ಸೌಟನ್ನು ಮೊದಲೇ ಬೆಂಕಿಗೆ ಹಿಡಿದು ಕಾಯಿಸಿ. ಒಂದು ಹನಿ ನೀರಿದ್ದರೂ ಲೋಹ ಮುಖಕ್ಕೆ ಹಾರುತ್ತದೆ. ಜನ ಮೂರು ಮೀಟರ್ ಆಚೆ. ಕಣ್ಣಿಗೆ ಕನ್ನಡಕ ಇರಲೇಬೇಕು, 1836ಕ್ಕೆ ಒಪ್ಪದಿದ್ದರೂ ಸರಿ.

ಬೂದಿಕೆಂಡ

ಒಲೆ ಸಿಕ್ಕರೆ ಬಿಡಬೇಡಿ, ಅಲ್ಲಿ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ಜ್ವಾಲೆಯ ಮೇಲೆ ಅಡುಗೆ ಮಾಡುವುದಲ್ಲ ಅನ್ನುವುದು ಮೊದಲು ತಲೆಗೆ ಹತ್ತಬೇಕು. ಹಿಂದೆ ದೊಡ್ಡ ಬೆಂಕಿ ಉರಿಯುತ್ತಿರುತ್ತದೆ, ಅಲ್ಲಿಂದ ಕೆಂಡ ಎಳೆದು ಮುಂದಿನ ಕಲ್ಲಿನ ಮೇಲೆ ಗುಡ್ಡೆ ಮಾಡಿ, ಅದರ ಮೇಲೆ ಕಾಲಿರುವ ಪಾತ್ರೆ. ಓಕ್, ಹಿಕರಿ, ಮೇಪಲ್ ಕಟ್ಟಿಗೆ ಕೆಂಡ ಕೊಡುತ್ತವೆ. ಪೈನ್ ಕಿಡಿ ಸಿಡಿಸುತ್ತದೆ, ಮಸಿ ಕಟ್ಟುತ್ತದೆ.

ಮುಚ್ಚಳದ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸುವಾಗ ಮುಚ್ಚಳದ ಮೇಲೆ ಕೆಂಡ ಹೆಚ್ಚು, ಅಡಿಯಲ್ಲಿ ಅದರ ಅರ್ಧ. ಅಡಿಯಲ್ಲಿ ಹೆಚ್ಚಾದರೆ ತಳ ಸೀದು ಮೇಲೆ ಹಸಿ. ಬೆಂಕಿಯ ಕಡೆಗಿರುವ ಪಕ್ಕ ಬೇಗ ಬೇಯುವುದರಿಂದ ಹತ್ತು ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಿರಿ. ಇಟ್ಟಿಗೆ ಒಲೆಯಾದರೆ ಒಳಗೇ ಎರಡು ಗಂಟೆ ಉರಿಸಬೇಕು. ಮೊದಲು ಒಳಛಾವಣಿ ಮಸಿಯಿಂದ ಕಪ್ಪಾಗುತ್ತದೆ, ಮಸಿ ಸುಟ್ಟು ಇಟ್ಟಿಗೆ ಮತ್ತೆ ಬೆಳ್ಳಗೆ ಕಂಡಾಗ ಕೆಂಡ ಹೊರಗೆಳೆದು ಒದ್ದೆ ಬಟ್ಟೆಯ ಕೋಲಿನಿಂದ ಗುಡಿಸಿ. ಒಂದು ಚಿಟಿಕೆ ಹಿಟ್ಟು ಎರಚಿ: ತಕ್ಷಣ ಕಪ್ಪಾದರೆ ಕಾಯಬೇಕು, ನಿಧಾನ ಕಂದಾದರೆ ಬ್ರೆಡ್ ಹಾಕಬಹುದು. ಬ್ರೆಡ್ ನಂತರ ಪೈ, ಕೊನೆಗೆ ಕಸ್ಟರ್ಡ್. ಶಾಖ ಇಳಿಯುವ ಕ್ರಮದಲ್ಲೇ ಅಡುಗೆ.

ಸಸ್ಯಾಹಾರಕ್ಕೆ ತೊಂದರೆಯಿಲ್ಲ. ಜೋಳದ ಹಿಟ್ಟಿನ ಗಂಜಿ (ಮೆಕ್ಕೆಜೋಳ): ಒಂದಳತೆ ಹಿಟ್ಟಿಗೆ ನಾಲ್ಕಳತೆ ನೀರು, ಉಪ್ಪು. ಕುದಿಯುವ ನೀರಿಗೆ ಒಣಹಿಟ್ಟು ಸುರಿದರೆ ಗಂಟಾಗುತ್ತದೆ, ಸ್ವಲ್ಪ ತಣ್ಣೀರಲ್ಲಿ ಕದಡಿ ಹಾಕಿ ಮುಕ್ಕಾಲು ಗಂಟೆ ತಿರುವಿ. ರಾಗಿ ಮುದ್ದೆ ತಿರುವಿದ ಕೈಗೆ ಇದು ಹೊಸದಲ್ಲ. ಬೆಣ್ಣೆ-ಮೊಲಾಸಿಸ್ (ಕಾಕಂಬಿ) ಹಾಕಿದ ಶುಂಠಿ ಕೇಕ್, ಹಂದಿ ಬಿಟ್ಟು ಬೇಯಿಸಿದ ಒಣ ಬೀನ್ಸ್ ಕಾಳು, ಆಲೂಗಡ್ಡೆ, ಸೇಬಿನ ಪೈ ಎಲ್ಲ ಕಾಲಕ್ಕೆ ಸರಿ. ಬೇಕಿಂಗ್ ಪೌಡರ್ 1850ರ ದಶಕದ್ದು. ಆಗ ಪರ್ಲ್ ಆಶ್ ಅಥವಾ ಸಾಲರೇಟಸ್ ಎಂಬ ಕ್ಷಾರದ ಪುಡಿ, ಎರಡಕ್ಕೂ ಹುಳಿ ಮಜ್ಜಿಗೆ ಅಥವಾ ಮೊಲಾಸಿಸ್ ಜೊತೆ ಇದ್ದರೇನೆ ಹಿಟ್ಟು ಉಬ್ಬುವುದು. ಕೊಬ್ಬು ಹಾಕುತ್ತಿದ್ದರೇ ಎಂದು ಕೇಳಿದರೆ "ಹೌದು, ಧಾರಾಳವಾಗಿ" ಎನ್ನಿ, ಮುಚ್ಚಿಡಬೇಡಿ. ಮಾಡಿದ್ದನ್ನು ಜನರಿಗೆ ಹಂಚಲು ಬಹುತೇಕ ಕಡೆ ಅನುಮತಿ ಇರುವುದಿಲ್ಲ, ಮೊದಲೇ ಕೇಳಿ. ಹಳೆಯ ಕೆಂಪುಮಣ್ಣಿನ ಹೊಳಪಿನ ಪಾತ್ರೆ, ಹಳೆಯ ಪ್ಯೂಟರ್ ತಟ್ಟೆ ನೋಡಲಿಕ್ಕೆ ಮಾತ್ರ. ಎರಡರಲ್ಲೂ ಸೀಸ ಇರಬಹುದು.

ಗಾಜಿನ ಬಳೆ ತೆಗೆದಿಡಿ, ಕಾದ ಕಬ್ಬಿಣಕ್ಕೆ ತಾಗಿದರೆ ಸಿಡಿಯುತ್ತದೆ. ತಾಳಿ ಶೆಮೀಸ್ ಒಳಗಿರಲಿ, ಲೋಹ ಹೊರಗಿದ್ದರೆ ಕೆಂಡದೆದುರು ಚರ್ಮ ಸುಡುತ್ತದೆ. ಕಾಲುಂಗುರ ಕಾಲುಚೀಲದಲ್ಲಿ ಮರೆಯಾಗುತ್ತದೆ. ಬಾಗುವ ಮುಂಚೆ ಲಂಗವನ್ನು ಹಿಂದಕ್ಕೆ ಎಳೆದು ಮೊಣಕಾಲ ನಡುವೆ ಒತ್ತಿಕೊಳ್ಳಿ. ಮೇಲೆ ಉಣ್ಣೆಯ ಏಪ್ರನ್ ಇದ್ದರೆ ಕಿಡಿ ಬಿದ್ದಲ್ಲಿ ಕರಕಾಗಿ ನಿಲ್ಲುತ್ತದೆ, ಹತ್ತಿಯಂತೆ ಹತ್ತಿಕೊಂಡು ಹೋಗುವುದಿಲ್ಲ.

ಹಳೇಖಾತೆ

ನನ್ನನ್ನು ಕೇಳಿದರೆ ಈ ಊರಿನ ಹೃದಯ ಕುಲುಮೆಯೂ ಅಲ್ಲ, ಒಲೆಯೂ ಅಲ್ಲ, ಅಂಗಡಿಯ ಖಾತೆ ಪುಸ್ತಕ. ಕಟ್ಟಿಗೆ ಕಡಿದವನಿಗೆ ಕಾರ್ಡ್ (ಕಟ್ಟಿಗೆ ರಾಶಿಯ ಅಳತೆ) ಲೆಕ್ಕ, ಇದ್ದಿಲಿನವನಿಗೆ ಬುಶೆಲ್ (ತುಂಬಿ ಅಳೆಯುವ ಮಾಪ) ಲೆಕ್ಕ, ಅದು ಜಮೆ. ಹಿಟ್ಟು, ಉಪ್ಪುಹಂದಿ, ಶೂ, ಬಟ್ಟೆ, ಅದು ಖರ್ಚು. ನಗದು ಕೈಗೆ ಬರುವುದು ಅಪರೂಪ. ಅಲೈರ್ ತನ್ನದೇ ನೋಟು ಹೊರಡಿಸಿದ್ದ. ಅದು ಊರಿನ ಅಂಗಡಿಯಲ್ಲಿ ನಡೆಯುತ್ತಿತ್ತು. ಇದನ್ನು ನೋಡುಗರಿಗೆ ಮನಗಾಣಿಸಲು ಸುಲಭದ ದಾರಿ: ಕೌಂಟರಿನ ಮೇಲೆ ಒಂದು ಪುಟ ತೆರೆದಿಟ್ಟು, ಅವರ ಕೈಗೆ ವಾರದ ಜಮೆ ಕೊಟ್ಟು, ಏನೇನು ಕೊಳ್ಳುತ್ತೀರಿ ಎಂದು ಕೇಳಿ. ಮಕ್ಕಳು ಶೂ ಕೊಳ್ಳುವಷ್ಟರಲ್ಲಿ ದಿವಾಳಿ. ಬೆಲೆಗಳನ್ನು ಮಾತ್ರ ಊಹಿಸಬೇಡಿ, ಆ ಪ್ರದೇಶದ ಆ ವರ್ಷಗಳ ಖಾತೆಯಿಂದಲೇ ಎತ್ತಿ ಬರೆಯಿರಿ.

ಸಣ್ಣ ವಿಷಯಗಳಲ್ಲಿ ಸಿಕ್ಕಿಬೀಳುವುದು: ಅಂಚೆಚೀಟಿ 1847ರದ್ದು, ಅದು ಬೇಡ; ಪತ್ರ ಮಡಿಸಿ ಅರಗು ಹಾಕಿದ್ದು, ಲಕೋಟೆಯೂ ಬೇಡ. ಸ್ಪೇನಿನ ಬೆಳ್ಳಿ ನಾಣ್ಯ 1857ರವರೆಗೆ ಕಾನೂನುಬದ್ಧವಾಗಿ ಓಡುತ್ತಿತ್ತು. ಹನ್ನೆರಡೂವರೆ ಸೆಂಟಿನ ರಿಯಾಲ್ ಅನ್ನು ನ್ಯೂಯಾರ್ಕ್ ಸೀಮೆಯಲ್ಲಿ ಶಿಲ್ಲಿಂಗ್ ಎನ್ನುತ್ತಿದ್ದರು. ಸೀಮೆಎಣ್ಣೆ ದೀಪ ಬೇಡ, ಮೇಣದಬತ್ತಿ ಅಥವಾ ತಿಮಿಂಗಿಲದೆಣ್ಣೆ ದೀಪ. ಬಾವುಟ ಕಟ್ಟುವುದಾದರೆ 1836ರ ಜುಲೈ 4ಕ್ಕೆ ಮುಂಚೆ 24 ನಕ್ಷತ್ರ, ಆ ದಿನದಿಂದ 25. ಅರ್ಕನ್ಸಾ ಆಗಷ್ಟೇ ಸೇರಿತ್ತು.

ಮುಖದ ಪ್ರಶ್ನೆಗೆ. ಅಂದಿನವರಾಗಿ ನಟಿಸಿ ಮಾತಾಡುವ ಪದ್ಧತಿ ಒಂದು, ಅಂದಿನ ಬಟ್ಟೆಯಲ್ಲಿ ಇಂದಿನವರಾಗಿ ವಿವರಿಸುವುದು ಇನ್ನೊಂದು. ನೀವು ಎರಡನೆಯದನ್ನು ಆರಿಸಿಕೊಳ್ಳಿ. "ಇಲ್ಲ, ಈ ಊರಲ್ಲಿ ನಮ್ಮಂಥವರ ಸಂಸಾರ ಇತ್ತೆಂದು ನಾವು ಹೇಳುತ್ತಿಲ್ಲ. ನಾವು ಕೆಲಸ ತೋರಿಸುತ್ತಿದ್ದೇವೆ" ಎಂದರೆ ಮುಗಿಯಿತು. ಲಸ್ಕರ (ಯುರೋಪಿನ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಕಡೆಯ) ನಾವಿಕ ಅಂತೆಲ್ಲ ಕಥೆ ಕಟ್ಟಿ ಕಬ್ಬಿಣದ ಊರಿಗೆ ತಂದು ಕೂರಿಸುವುದು ಬೇಡ, ಎರಡನೇ ಪ್ರಶ್ನೆಗೇ ಬೀಳುತ್ತದೆ.

ಭಾರತ ಬೇಕೆಂದರೆ ಕೌಂಟರಿನ ಮೇಲೇ ಇದೆ. ಆ ಕಾಲದ ಅಮೆರಿಕದ ಅಂಗಡಿಗಳಲ್ಲಿ ಬಂಗಾಳದ ನೀಲಿ, ಮದ್ರಾಸ್ ರುಮಾಲು ಮಾಮೂಲು ಸರಕು. ಆದರೆ ಹತ್ತಿ ಬಟ್ಟೆಯ ಥಾನು ಆಗ ಭಾರತದ್ದಲ್ಲ. ಕೈಮಗ್ಗದ ಬಟ್ಟೆ ಮಾರುಕಟ್ಟೆ ಕಳೆದುಕೊಂಡಿತ್ತು, ಈ ಥಾನಿನ ನೂಲು ಅಮೆರಿಕದ ದಕ್ಷಿಣದಲ್ಲಿ ಗುಲಾಮರು ಬೆಳೆದ ಹತ್ತಿ. ನ್ಯೂಜೆರ್ಸಿಯಲ್ಲೂ 1804ರ ಕಾನೂನು ಬಿಡುಗಡೆ ಕೊಟ್ಟದ್ದು ಆ ವರ್ಷದ ಜುಲೈ 4ರ ನಂತರ ಹುಟ್ಟಿದವರಿಗೆ, ಅದೂ ಇಪ್ಪತ್ತು ದಾಟಿದ ಮೇಲೆ. 1836ರಲ್ಲಿ ಈ ರಾಜ್ಯದಲ್ಲಿ ಗುಲಾಮರು ಇನ್ನೂ ಇದ್ದರು. ನೀಲಿ, ರುಮಾಲು, ಥಾನು ಈ ಮೂರನ್ನು ಪಕ್ಕಪಕ್ಕ ಇಟ್ಟರೆ ಹತ್ತು ನಿಮಿಷ ಮಾತಾಡಲು ಬೇರೇನೂ ಬೇಡ.

ಜರ್ಸಿಮಲ್ಲಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಚರಕ ಬಿಟ್ಟೆ, ಮಾಂಜರಪಾಟಿಗೆ ಹೇಳಿ ಕಳಿಸಿದೆ. ಇನ್ನು ಎರಡೇ: ಶೂ ಏನು ಮಾಡುವುದು? ಜುಲೈ ಸೆಖೆಯಲ್ಲಿ ಇಷ್ಟೆಲ್ಲ ಪದರ ಹಾಕಿಕೊಂಡು ನಿಲ್ಲಲು ಆಗುತ್ತದೆಯೇ?

ಸೂಜಿದಾರ

ಶೂ: ಹಿಮ್ಮಡಿ ಎತ್ತರವಿಲ್ಲದ, ಲಾಡಿ ಕಟ್ಟುವ ಸಾದಾ ಕಪ್ಪು ಚರ್ಮದ್ದು ಮೊದಲ ವರ್ಷಕ್ಕೆ ಸಾಕು. ಹೊರಗೆ ಕಾಣುವ ಲೋಹದ ಕೊಕ್ಕೆ, ಬಣ್ಣದ ಹೊಲಿಗೆ ಇರಬಾರದು. ಅಡಿ ಬರೀ ಚರ್ಮವಾದರೆ ಒದ್ದೆ ಇಟ್ಟಿಗೆ ನೆಲದಲ್ಲಿ ಜಾರುತ್ತದೆ, ತೆಳು ರಬ್ಬರ್ ಪದರ ಅಂಟಿಸಿಕೊಳ್ಳಿ, ಯಾರಿಗೂ ಕಾಣುವುದಿಲ್ಲ. ಎರಕದವರಿಗೆ ಬಟ್ಟೆ ಶೂ, ತೆರೆದ ಶೂ ಎರಡೂ ನಿಷಿದ್ಧ. ಪ್ಯಾಂಟಿನ ಅಂಚು ಶೂ ಮೇಲೆ ಬರಲಿ, ಒಳಗೆ ತುರುಕಬೇಡಿ.

ಸೆಖೆಗೆ ಬಾನೆಟ್ಟಿನ ನೆರಳೇ ಅರ್ಧ ಔಷಧ. ಶೆಮೀಸ್ ಬೆವರು ಹೀರಿ ತಂಪಾಗಿಡುತ್ತದೆ, ಅದಕ್ಕೇ ಅದು ಶುದ್ಧ ಹತ್ತಿ ಆಗಬೇಕು. ಎರಡು ಹೊಲಿಸಿ, ಮಧ್ಯಾಹ್ನ ಬದಲಿಸಲು. ಸ್ಟೇಸ್ ಬಿಗಿಯಬೇಡಿ, ಬೆನ್ನಿಗೆ ಆಸರೆಯಾದರೆ ಸಾಕು. ನೀರಿಗೆ ಕಲ್ಲುಮಣ್ಣಿನ ಹೂಜಿ ಇಟ್ಟುಕೊಂಡು, ಬಾಯಾರುವ ಮುಂಚೆಯೇ ಗಂಟೆಗೊಮ್ಮೆ ಕುಡಿಯಿರಿ. ಮತ್ತೆ ಆ ಉದ್ದ ಹುಲ್ಲಲ್ಲಿ ಉಣ್ಣಿ (ಟಿಕ್) ಹುಳುವಿನ ಕಾಟ ವಿಪರೀತ, ನ್ಯೂಜೆರ್ಸಿಯಲ್ಲಿ ಲೈಮ್ ರೋಗದ ಭಯ ಸುಳ್ಳಲ್ಲ. ಒಳಲಂಗದ ಅಂಚಿಗೆ, ಕಾಲುಚೀಲಕ್ಕೆ, ಯಜಮಾನರ ಪ್ಯಾಂಟಿನ ಕೆಳತುದಿಗೆ ಬಟ್ಟೆಗೆಂದೇ ಸಿಗುವ 0.5% ಪರ್ಮೆಥ್ರಿನ್ ಸಿಂಪಡಿಸಿ, ಪೂರಾ ಒಣಗಿದ ಮೇಲೆ ಹಾಕಿಕೊಳ್ಳಿ. ಮನೆಯಲ್ಲಿ ಬೆಕ್ಕಿದ್ದರೆ ಒದ್ದೆ ಬಟ್ಟೆ ಅದರ ಹತ್ತಿರ ಬಿಡಬೇಡಿ, ಬೆಕ್ಕಿಗೆ ಅದು ವಿಷ.